ಉಳಿದ ಹೊತ್ತು ಯಾರ ಪಾಲು?

ಯಂತ್ರ ಒಳ್ಳೆಯದೋ ಕೆಟ್ಟದ್ದೋ ಅನ್ನೋ ಚರ್ಚೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಒಂದು ಕಡೆಯವರು ಹಳ್ಳಿ, ರಾಟೆ, ಎತ್ತಿನ ಗಾಡಿ ಅಂತ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಇನ್ನೊಂದು ಕಡೆಯವರು ವಿಜ್ಞಾನ, ಪ್ರಗತಿ, ಅಭಿವೃದ್ಧಿ ಅಂತ ಎದೆ ಉಬ್ಬಿಸುತ್ತಾರೆ. ಇಬ್ಬರ ಅಂಗೈಯನ್ನೂ ತಿರುಗಿಸಿ ನೋಡಿ, ಬೊಬ್ಬೆ ಇರುವುದಿಲ್ಲ. ರಾಟೆಯನ್ನು ಹೊಗಳುವವನು ಹೊಟ್ಟೆಪಾಡಿಗೆ ನೂತವನಲ್ಲ. ಗಿರಣಿಯನ್ನು ಹೊಗಳುವವನು ರಾತ್ರಿ ಪಾಳಿಯಲ್ಲಿ ನಿಂತವನಲ್ಲ. ಹಾಗಾಗಿ ಇವರ ಜಗಳದ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆ ಯಾವಾಗಲೂ ಕಳೆದುಹೋಗುತ್ತದೆ. ಯಂತ್ರ ಅಂದರೆ ಏನು? ಹತ್ತು ಜನ ಮಾಡುವ ಕೆಲಸವನ್ನು ಒಬ್ಬ ಮಾಡುವ ಹಾಗೆ ಮಾಡೋದು. ಸರಿ, ಒಪ್ಪೋಣ. ಹಾಗಾದರೆ ಒಂಬತ್ತು ಜನರ ಹೊತ್ತು ಉಳೀತಲ್ಲ, ಆ ಹೊತ್ತು ಎಲ್ಲಿಗೆ ಹೋಯ್ತು? ಯಾರು ತಗೊಂಡ್ರು?

ನೀತಿಯ ಪ್ರಶ್ನೆ ಇರೋದು ಇಲ್ಲಿ. ಕಬ್ಬಿಣಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಆದರೆ ಒಬ್ಬ ಮನುಷ್ಯನ ಆಯುಷ್ಯದಿಂದ ಉಳಿದ ಹೊತ್ತನ್ನು ಇನ್ನೊಬ್ಬ ಎತ್ತಿಕೊಂಡು ಹೋದರೆ ಅದಕ್ಕೆ ಏನೋ ಒಂದು ಹೆಸರು ಇರಲೇಬೇಕು.

ಇದನ್ನು ಗಾಳಿಯಲ್ಲಿ ನಿಂತು ಕೇಳಿ ಪ್ರಯೋಜನವಿಲ್ಲ. ಕೇಳೋದಕ್ಕೆ ಒಂದು ನೆಲ ಬೇಕು. ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿಯ ನೆಲ ಅದಕ್ಕೆ ಸಾಕು. ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಗೂ ಈ ಕಾಡಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಬಹುದು. ಸಂಬಂಧ ಇದೆ. ಅಲ್ಲಿನ ಗಿರಣಿಗಳಿಗೆ ಬೇಕಾದ ಹತ್ತಿ ಈ ಘಟ್ಟ ಇಳಿದು ಹೋಯಿತು. ಅಲ್ಲಿ ಬೆಳೆದ ಕಾಗದದ ಯಂತ್ರ ಈ ಕಾಡಿನ ಬಿದಿರನ್ನು ಹುಡುಕಿಕೊಂಡು ಬಂತು.

೧

ಮೊದಲು ಹತ್ತಿಯ ಮಾತು.

೧೭೬೦ರ ದಶಕದಿಂದ ಇಂಗ್ಲೆಂಡಿನಲ್ಲಿ ನೂಲುವ ಯಂತ್ರಗಳು ಒಂದರ ಬೆನ್ನಿಗೆ ಒಂದು ಬಂದವು. ಹಾರ್ಗ್ರೀವ್ಸ್ ಎಂಬ ನೇಕಾರ ಒಂದೇ ಚಕ್ರಕ್ಕೆ ಹಲವು ಕದಿರು ಕಟ್ಟಿದ. ೧೭೬೯ರಲ್ಲಿ ಆರ್ಕ್‌ರೈಟ್ ನೀರಿನ ಬಲದಿಂದ ನೂಲುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಅದೇ ವರ್ಷ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರದ ಸುಧಾರಣೆಗೆ ಹಕ್ಕುಪತ್ರ ಪಡೆದ. ೧೭೭೯ರಲ್ಲಿ ಕ್ರಾಂಪ್ಟನ್ನನ ಯಂತ್ರ ಬಂತು, ೧೭೮೫ರಲ್ಲಿ ಕಾರ್ಟ್‌ರೈಟನ ಯಂತ್ರಮಗ್ಗ. ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ನೂಲುವ ಕೈ ಒಂದಿದ್ದದ್ದು ನೂರಾಯಿತು. ಈ ನೂರು ಕೈಗೆ ಹತ್ತಿ ಎಲ್ಲಿಂದ ತರೋದು?

ಅಮೆರಿಕದ ದಕ್ಷಿಣ ಭಾಗದಲ್ಲಿ ಹತ್ತಿ ಬೆಳೆಯೋದು ಕಷ್ಟವಿರಲಿಲ್ಲ. ಕಷ್ಟ ಇದ್ದದ್ದು ಹತ್ತಿಕಾಳು ಬಿಡಿಸೋದರಲ್ಲಿ. ಅಲ್ಲಿನ ಗಿಡ್ಡ ಎಳೆಯ ಹತ್ತಿಯಲ್ಲಿ ಕಾಳು ಅಂಟಿಕೊಂಡೇ ಇರುತ್ತದೆ. ಒಬ್ಬ ಆಳು ದಿನವಿಡೀ ಕೂತು ಬಿಡಿಸಿದರೂ ಒಂದು ಹಿಡಿ ಅರಳೆ. ೧೭೯೩ರಲ್ಲಿ ಎಲೈ ವಿಟ್ನಿ ಅನ್ನುವವನು ಹಲ್ಲು ಇರುವ ಉರುಳೆಯ ಒಂದು ಯಂತ್ರ ಮಾಡಿದ. ಅದೇ ಜಿನ್. ಹತ್ತಾರು ಜನರ ಕೆಲಸವನ್ನು ಅದೊಂದೇ ಮಾಡಿಬಿಡುತ್ತಿತ್ತು.

ಈಗ ಲೆಕ್ಕ ಹಾಕಿ. ಕೆಲಸ ಉಳಿಸುವ ಯಂತ್ರ ಬಂತು. ಹೊಲದಲ್ಲಿದ್ದ ಕಪ್ಪು ಗುಲಾಮನಿಗೆ ಸ್ವಲ್ಪ ಉಸಿರು ಸಿಗಬೇಕಿತ್ತು. ಗುಲಾಮರೇ ಕಡಿಮೆಯಾಗಬೇಕಿತ್ತು. ಆದದ್ದು ತದ್ವಿರುದ್ಧ. ೧೭೯೦ರ ಜನಗಣತಿಯಲ್ಲಿ ಅಮೆರಿಕದ ಗುಲಾಮರು ಸುಮಾರು ೭ ಲಕ್ಷ. ೧೮೬೦ರಲ್ಲಿ ಹತ್ತಿರ ಹತ್ತಿರ ೪೦ ಲಕ್ಷ. ಕಾಳು ಬಿಡಿಸುವ ಕಷ್ಟ ತಪ್ಪಿದ ಮೇಲೆ ಎಷ್ಟು ಹತ್ತಿ ಬೆಳೆದರೂ ಲಾಭ ಅನ್ನುವುದು ಒಡೆಯನಿಗೆ ತಿಳಿಯಿತು. ಹೊಸ ಹೊಲ, ಹೊಸ ಬಿತ್ತನೆ. ಹತ್ತಿ ಕೀಳೋದಕ್ಕೆ ಮಾತ್ರ ಇನ್ನೂ ಯಂತ್ರ ಬಂದಿರಲಿಲ್ಲ. ಅದಕ್ಕೆ ಬೆರಳೇ ಬೇಕು. ಹಾಗಾಗಿ ಮಕ್ಕಳ ಬೆರಳು, ಮುದುಕಿಯ ಬೆರಳು, ಬಸುರಿಯ ಬೆರಳು ಎಲ್ಲವೂ ಹೊಲಕ್ಕೆ ಇಳಿದವು.

ವಿಟ್ನಿಯ ಯಂತ್ರದಲ್ಲಿ ಗುಲಾಮಗಿರಿಯ ಹಲ್ಲು ಒಂದೂ ಇರಲಿಲ್ಲ. ಅದು ಹೊತ್ತನ್ನು ಉಳಿಸಿದ್ದು ನಿಜ. ಆದರೆ ಕೈಯೇ ಇನ್ನೊಬ್ಬನ ಸ್ವತ್ತಾಗಿದ್ದಾಗ ಆ ಕೈಯಿಂದ ಉಳಿದ ಹೊತ್ತೂ ಅವನ ಸ್ವತ್ತೇ. ಯಂತ್ರದ ಬಗ್ಗೆ ಮಾತಾಡುವ ಪಂಡಿತರು ಈ ಒಂದು ಪಾಠವನ್ನು ಕಲಿತರೂ ಸಾಕಾಗಿತ್ತು.

ಇಂಗ್ಲೆಂಡಿನಲ್ಲಿ ಕೈ ಯಾರ ಸ್ವತ್ತೂ ಆಗಿರಲಿಲ್ಲ, ಅವರು ಸ್ವತಂತ್ರರು ಅಂತೀರಾ? ೧೮೧೧ರಲ್ಲಿ ನಾಟಿಂಗ್‌ಹ್ಯಾಮಿನ ಕಾಲುಚೀಲ ಹೆಣೆಯುವವರು ಸುತ್ತಿಗೆ ಹಿಡಿದು ಹೊರಟರು. ಲಡ್ಡೈಟರು ಅಂತ ಇವತ್ತಿಗೂ ಅವರ ಹೆಸರನ್ನು ಬೈಗುಳವಾಗಿ ಬಳಸುತ್ತಾರೆ, ಯಂತ್ರ ಕಂಡರೆ ಹೆದರುವ ಮೂಢರು ಅನ್ನೋ ಹಾಗೆ. ಅವರು ಮೂಢರಲ್ಲ. ಜೀವನಪೂರ್ತಿ ಚೌಕಟ್ಟಿನ ಮಗ್ಗದ ಮುಂದೆ ಕೂತ ಕಸಬುದಾರರು. ಅವರು ಒಡೆದದ್ದು ಕೂಲಿ ಇಳಿಸಿದ, ಕಳಪೆ ಮಾಲು ಮಾಡಿ ಕಸಬು ಕೆಡಿಸಿದ ಮಾಲೀಕರ ಯಂತ್ರಗಳನ್ನು. ಅವರಿಗೆ ಸಿಕ್ಕ ಉತ್ತರ ಏನು ಗೊತ್ತೆ? ೧೮೧೨ರಲ್ಲಿ ಯಂತ್ರ ಒಡೆದವನಿಗೆ ಮರಣದಂಡನೆ ಅಂತ ಪಾರ್ಲಿಮೆಂಟು ಕಾನೂನು ಮಾಡಿತು. ೧೮೧೩ರ ಜನವರಿಯಲ್ಲಿ ಯಾರ್ಕ್ ನಗರದಲ್ಲಿ ಈ ಗಲಭೆಯ ಸಂಬಂಧವಾಗಿ ೧೭ ಜನರನ್ನು ಗಲ್ಲಿಗೆ ಹಾಕಿದರು. ಕಬ್ಬಿಣದ ಚೌಕಟ್ಟಿಗೆ ಒಂದು ಬೆಲೆ, ಮನುಷ್ಯನ ಕುತ್ತಿಗೆಗೆ ಅದಕ್ಕಿಂತ ಕಡಿಮೆ ಬೆಲೆ.

೨

ಈ ಹತ್ತಿಯ ಕತೆ ಈಗ ನಮ್ಮ ಕಡೆಗೆ ತಿರುಗುತ್ತದೆ.

ಧಾರವಾಡದ ಕಪ್ಪು ಮಣ್ಣಿನಲ್ಲಿ ಹತ್ತಿ ಹೊಸದಲ್ಲ. ಕಾಳು ಬಿಡಿಸುವ ಕೆಲಸ ಹೆಂಗಸರದು. ಮಣೆಯ ಮೇಲೆ ಕೂತು, ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹಾಕಿ, ಕಬ್ಬಿಣದ ಸಲಾಕೆಯನ್ನು ಪಾದದಿಂದ ಒತ್ತಿ ಉರುಳಿಸುತ್ತಿದ್ದರು. ಲಂಕಾಷೈರಿನ ಗಿರಣಿಗಳಿಗೆ ನಮ್ಮ ಗಿಡ್ಡ ಎಳೆ ರುಚಿಸಲಿಲ್ಲ. ೧೮೪೦ರಲ್ಲಿ ಕಂಪನಿ ಸರ್ಕಾರ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಸಂಬಳ ಕೊಟ್ಟು ಇಂಡಿಯಾಕ್ಕೆ ಕರೆಸಿತು. ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿದರು. ಇಂಡಿಯಾದಲ್ಲಿ ಬೇರೆ ಎಲ್ಲೂ ಅಷ್ಟಾಗಿ ಹತ್ತದ ಆ ಬೀಜ ಇಲ್ಲಿ ಹತ್ತಿತು. 'ಧಾರವಾಡ–ಅಮೆರಿಕನ್' ಅಂತ ಅದಕ್ಕೆ ಹೆಸರಾಯಿತು. ಹೆಂಗಸರ ಪಾದದ ಸಲಾಕೆಗೆ ಆ ಹತ್ತಿ ಬಗ್ಗಲಿಲ್ಲ. ಹಾಗಾಗಿ ಗರಗಸದ ಹಲ್ಲಿನ ಜಿನ್‌ಗಳು ಬಂದವು, ಅವನ್ನು ಮಾಡೋದಕ್ಕೆ, ರಿಪೇರಿ ಮಾಡೋದಕ್ಕೆ ಧಾರವಾಡದಲ್ಲೇ ಸರ್ಕಾರ ಕಾರ್ಖಾನೆ ಹಾಕಿತು. ಅಮೆರಿಕದಲ್ಲಿ ಗುಲಾಮನ ಸಂಖ್ಯೆ ಹೆಚ್ಚಿಸಿದ ಯಂತ್ರದ ತಮ್ಮಂದಿರು ಅವು.

ಹತ್ತಿ ಬೆಳೆದರೆ ಸಾಲದು, ಅದು ಸಮುದ್ರ ಮುಟ್ಟಬೇಕು. ಎತ್ತಿನ ಗಾಡಿಗಳು ಬಯಲು ಬಿಟ್ಟು ಕಾಡು ಹೊಕ್ಕವು. ಮುಂಡಗೋಡ, ಶಿರಸಿ ಮೇಲಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಕರಾವಳಿಗೆ. ಹಳಿಯಾಳದ ಕಡೆಯಿಂದ ಬಂದವು ಕೈಗಾ ಘಟ್ಟ ಇಳಿದು ಕಾರವಾರದ ದಿಕ್ಕಿಗೆ. ೧೮೬೧ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿಯ ಮೇಲೆಯೇ ಅಂತರ್ಯುದ್ಧ ಹತ್ತಿತು. ಅಲ್ಲಿಯ ಹತ್ತಿ ನಿಂತಿತು. ಲಂಕಾಷೈರಿನ ಗಿರಣಿಗಳು ಮುಚ್ಚಿದವು, ಅಲ್ಲಿನ ಕೂಲಿಕಾರರು ಉಪವಾಸ ಬಿದ್ದರು. ಇಲ್ಲಿ ಹತ್ತಿಯ ಬೆಲೆ ಆಕಾಶಕ್ಕೆ ಏರಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡದ ಹತ್ತಿಯೂ ಕಾರವಾರದ ಬಂದರೂ ಒಂದೇ ಸರ್ಕಾರದ ಕೈಯಲ್ಲಿರಲಿ ಅನ್ನೋದು ಅದರ ಹಿಂದಿದ್ದ ದೊಡ್ಡ ಕಾರಣ. ಜಿಲ್ಲೆಯ ಗಡಿಯನ್ನೇ ಗಿರಣಿಯ ಹೊಟ್ಟೆಯ ಅಳತೆಗೆ ಕತ್ತರಿಸಿದರು. ಇಲ್ಲಿನ ಜನರನ್ನು ಒಂದು ಮಾತು ಕೇಳಿದರೆ? ಯಾರು ಕೇಳ್ತಾರೆ!

ಇನ್ನೊಂದು ತಮಾಷೆ ನೋಡಿ. ನಮ್ಮ ಸೀಮೆಯ ನಾಡಹತ್ತಿಗೆ ಲಿವರ್‌ಪೂಲಿನ ಪೇಟೆಯಲ್ಲಿ 'ಕುಮಟಾ' ಅನ್ನೋದೇ ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯೋದಿಲ್ಲ. ಕುಮಟೆ ಹಡಗು ಹತ್ತಿಸಿದ ಜಾಗ. ಬಿತ್ತಿದ ಊರಿನ ಹೆಸರು ಹೋಯಿತು, ಬಿಡಿಸಿದವಳ ಹೆಸರು ಮೊದಲೇ ಇರಲಿಲ್ಲ. ಮಾಲು ದಾಟಿಸಿದ ದಕ್ಕೆಯ ಹೆಸರು ಮಾತ್ರ ಉಳಿಯಿತು. ಮಾರುಕಟ್ಟೆ ಅಂದರೆ ಇದೇ. ಅದು ಕೈಯನ್ನು ಮರೆತು ಮುದ್ರೆಯನ್ನು ನೆನಪಿಟ್ಟುಕೊಳ್ಳುತ್ತದೆ.

ಈ ಗಾಡಿ ದಾರಿಗಳು ಹಾದುಹೋದ ಸೀಮೆಯ ಕಾಡಂಚಿನಲ್ಲಿ, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದ ಹಳ್ಳಿಗಳಲ್ಲಿ, ಸಿದ್ದಿಗಳಿದ್ದಾರೆ. ಅವರ ಹಿರೀಕರನ್ನು ಆಫ್ರಿಕಾದಿಂದ ಹಿಡಿದು ತಂದವರಲ್ಲಿ ಗೋವಾದ ಪೋರ್ಚುಗೀಸರು ಮುಖ್ಯರು. ಬಿಡುಗಡೆಯಾದವರೂ ತಪ್ಪಿಸಿಕೊಂಡವರೂ ಘಟ್ಟ ಹತ್ತಿ ಈ ಕಾಡು ಸೇರಿದರು. ಒಂದೇ ಖಂಡದ ಒಂದು ದಂಡೆಯ ಜನ ಅಮೆರಿಕದ ಹತ್ತಿ ಹೊಲಕ್ಕೆ ಬಿದ್ದರು, ಇನ್ನೊಂದು ದಂಡೆಯ ಜನ ಗೋವಾದ ಒಡೆಯರ ಮನೆಗೆ ಬಿದ್ದರು. ಅಲ್ಲಿಯವರು ಬಿಡಿಸಿದ ಹತ್ತಿಯ ಕೊರತೆಯನ್ನು ತುಂಬಲು ಹೊರಟ ಗಾಡಿಗಳು ಇಲ್ಲಿಯವರ ಕಾಡಿನ ನಡುವೆ ಹಾದು ಹೋದವು. ಚರಿತ್ರೆಯ ಪುಸ್ತಕಗಳು ಇವೆರಡನ್ನೂ ಒಂದೇ ಪುಟದಲ್ಲಿ ಬರೆಯೋದಿಲ್ಲ. ಸಿದ್ದಿಗಳು ಇಲ್ಲೂ ಒಡೆಯರ ತೋಟದಲ್ಲಿ, ಗದ್ದೆಯಲ್ಲಿ ತಲೆಮಾರುಗಟ್ಟಲೆ ಆಳಾಗಿ ದುಡಿದರು. ಅವರನ್ನು ಪರಿಶಿಷ್ಟ ಪಂಗಡ ಅಂತ ಸರ್ಕಾರ ಗುರುತಿಸಿದ್ದು ೨೦೦೩ರಲ್ಲಿ.

ಆ ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ. ಸೂಜಿಯೂ ಒಂದು ಕಾಲದ ಹೊಸ ಶೋಧನೆಯೇ. ಆದರೆ ಸೂಜಿ ಅವಳದು, ತುಂಡು ಅವಳದು, ಮಗ್ಗುಲಲ್ಲಿ ಮಲಗೋ ಮಗು ಅವಳದು. ಆ ಕೌದಿಗೆ ಕೂಡಿದ ಹೊತ್ತೂ ಅವಳದೇ. ಕೈಕೆಲಸ ಶ್ರೇಷ್ಠ, ಯಂತ್ರ ಕನಿಷ್ಠ ಅಂತ ಇದಕ್ಕೆ ಅರ್ಥ ಅಲ್ಲ. ಸಾಧನ ಯಾರ ಕೈಲಿದೆಯೋ ಹೊತ್ತು ಅವರ ಕೈಲಿರುತ್ತದೆ ಅಂತ ಅರ್ಥ.

೩

ಈಗ ದಾಂಡೇಲಿ. ದಾಂಡೇಲಿ ಅಂದರೆ ಕಾಗದ.

ಕಾಗದದ ಯಂತ್ರದ ಹುಟ್ಟಿನ ಕತೆಯನ್ನು ನಮ್ಮವರು ತಿಳಿಯಬೇಕು. ಹದಿನೆಂಟನೇ ಶತಮಾನದ ಕೊನೆಯ ತನಕ ಕಾಗದವನ್ನು ಒಂದೊಂದೇ ಹಾಳೆಯಾಗಿ ಕೈಯಲ್ಲಿ ಎತ್ತುತ್ತಿದ್ದರು. ಯುರೋಪಿನಲ್ಲಿ ಹಳೇ ಬಟ್ಟೆಯ ಚಿಂದಿಯೇ ಅದಕ್ಕೆ ಕಚ್ಚಾಮಾಲು. ಫ್ರಾನ್ಸಿನ ಒಂದು ಕಾರ್ಖಾನೆಯಲ್ಲಿ ಲೂಯಿ ನಿಕೊಲಾ ರೋಬರ್ ಅನ್ನುವವನು ಗುಮಾಸ್ತನಾಗಿದ್ದ. ಅಲ್ಲಿನ ಕಾಗದ ಕೆಲಸಗಾರರು ಒಗ್ಗಟ್ಟಿನವರು, ಒಡೆಯನ ಮಾತಿಗೆ ಸುಲಭಕ್ಕೆ ಬಗ್ಗದವರು. ಅವರ ಹಂಗು ತಪ್ಪಿಸಬೇಕು ಅಂತಲೇ ರೋಬರ್ ಕೊನೆಯಿಲ್ಲದ ಹಾಳೆ ಹೊರಬರುವ ಯಂತ್ರ ಯೋಚಿಸಿದ. ೧೭೯೯ರಲ್ಲಿ ಅವನಿಗೆ ಹಕ್ಕುಪತ್ರ ಸಿಕ್ಕಿತು. ಇಂಗ್ಲೆಂಡಿನಲ್ಲಿ ಅದಕ್ಕೆ ದುಡ್ಡು ಸುರಿದ ಫೋರ್ಡ್ರಿನಿಯರ್ ಅಣ್ಣತಮ್ಮಂದಿರ ಹೆಸರು ಆ ಯಂತ್ರಕ್ಕೆ ಅಂಟಿಕೊಂಡಿತು. ಯಂತ್ರಗಳು ಕೆಲಸ ಉಳಿಸೋದಕ್ಕೆ ಮಾತ್ರ ಹುಟ್ಟೋದಿಲ್ಲ, ಕೆಲಸಗಾರನ ಬಾಯಿ ಮುಚ್ಚಿಸೋದಕ್ಕೂ ಹುಟ್ಟುತ್ತವೆ. ಇದನ್ನು ನಾವು ಮರೆಯಬಾರದು.

ಚಿಂದಿ ಸಾಲದೆ ಹೋದಾಗ ಯಂತ್ರ ಮರಕ್ಕೆ ಬಾಯಿ ಹಾಕಿತು. ಇಂಡಿಯಾದಲ್ಲಿ ಬಿದಿರಿಗೆ ಬಾಯಿ ಹಾಕಿತು. ಬಿದಿರಿನ ಕಾಗದದ ಉದ್ಯಮಕ್ಕೆ ರಕ್ಷಣೆ ಕೊಡೋ ಕಾಯಿದೆಯನ್ನು ಬ್ರಿಟಿಷರೇ ೧೯೨೫ರಲ್ಲಿ ಮಾಡಿದ್ದರು. ಸ್ವಾತಂತ್ರ್ಯದ ನಂತರ, ೧೯೫೫ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ೧೯೫೯ರಿಂದ ಕಾಳಿ ನದಿಯ ದಂಡೆಯ ದಾಂಡೇಲಿಯಲ್ಲಿ ಕಾಗದ ಹೊರಬಂತು.

ಕಾಡಿಗೆ ಮಾತ್ರ ಕೈಗಾರಿಕೆಯ ಪರಿಚಯ ಅದಕ್ಕೂ ನೂರು ವರ್ಷ ಹಳೆಯದು. ಕೆನರಾದ ಸಾಗವಾನಿ ಹಡಗಿಗೆ ಹೋಯಿತು. ರೈಲು ಬಂದ ಮೇಲೆ ಹಳಿಯ ಕೆಳಗೆ ಹಾಸುವ ದಿಮ್ಮಿಗೆ ಇಂಡಿಯಾದ ಕಾಡುಗಳು ಉರುಳಿದವು. ೧೮೮೦ರ ದಶಕದಲ್ಲಿ ಜೋಯಿಡಾದ ಕ್ಯಾಸಲ್‌ರಾಕ್ ಹತ್ತಿರ ಘಟ್ಟ ಸೀಳಿ ಗೋವಾದ ಮುರ್ಮುಗಾಂವ್ ಬಂದರಿಗೆ ರೈಲು ಇಳಿಯಿತು. ಕಾರವಾರದ ಬಂದರಿನ ಕನಸು ಅಲ್ಲಿಗೆ ಮುಗಿಯಿತು. ಮರ ಬೇಕಾದವರು ಮೊದಲು ಮಾಡಿದ ಕೆಲಸ ಅಂದರೆ ಕಾಡಿನಲ್ಲಿದ್ದವರನ್ನು ಕಳ್ಳರನ್ನಾಗಿ ಮಾಡಿದ್ದು. ಕುಮರಿ ಬೇಸಾಯ ಮಾಡುತ್ತಿದ್ದ ಕುಣಬಿಗಳಿಗೆ ಕಾಡು ಸುಡುವವರು, ಮೂಢರು ಅನ್ನೋ ಹೆಸರು ಬಂತು. ೧೮೬೦ರ ಹೊತ್ತಿಗೇ ಕುಮರಿಗೆ ತಡೆ ಬಿತ್ತು. ೧೮೭೮ರ ಅರಣ್ಯ ಕಾಯಿದೆಯಲ್ಲಿ ರಕ್ಷಿತ, ಮೀಸಲು ಅನ್ನೋ ಮಾತುಗಳು ಬಂದವು. ಯಾರಿಂದ ರಕ್ಷಣೆ? ರಾಗಿ ಬಿತ್ತೋನಿಂದ. ಯಾರಿಗೆ ಮೀಸಲು? ಹಡಗಿಗೆ, ರೈಲಿಗೆ.

ಸ್ವತಂತ್ರ ಇಂಡಿಯಾದ ಸರ್ಕಾರ ಇದನ್ನು ತಿರುವಿ ಹಾಕಲಿಲ್ಲ, ಮುಂದುವರಿಸಿತು. ಕಾಗದದ ಗಿರಣಿಗಳಿಗೆ ಬಿದಿರನ್ನು ನಾಮಕಾವಸ್ತೆ ದರಕ್ಕೆ ಬಿಟ್ಟುಕೊಟ್ಟಿತು. ಅದೇ ಬಿದಿರನ್ನು ಪೇಟೆಯಲ್ಲಿ ಕೊಳ್ಳಲು ಹೋದ ಮೇದಾರನಿಗೆ ಕೇಳಿದ ದರಕ್ಕೂ ಇದಕ್ಕೂ ನೂರಾರು ಪಟ್ಟು ಅಂತರ. ಮೊರ, ಬುಟ್ಟಿ, ತಟ್ಟಿ, ಕಣಜ ಹೆಣೆದು ಬದುಕೋ ಮೇದಾರ ಬಡವ. ಆದರೆ ದುಬಾರಿ ಬೆಲೆ ಅವನಿಗೆ, ಅಗ್ಗದ ಬೆಲೆ ಬಂಡವಾಳಕ್ಕೆ. ೧೯೭೦ರ ದಶಕದಲ್ಲಿ ಬಿದಿರು ಮುಗೀತಾ ಬಂದಾಗ ಕರ್ನಾಟಕದ ಬುಟ್ಟಿ ಹೆಣೆಯುವವರು ಕೂಗೆಬ್ಬಿಸಿದರು. ಮಾಧವ ಗಾಡ್ಗೀಳ್ ಅವರನ್ನು ಸರ್ಕಾರ ಅಧ್ಯಯನಕ್ಕೆ ಹಚ್ಚಿತು. ಬಿದಿರು ಹಾಳಾಗೋದಕ್ಕೆ ದನ ಮೇಯಿಸುವ ಹಳ್ಳಿಯವರೇ ಕಾರಣ ಅಂತ ಅಧಿಕಾರಿಗಳು ಹೇಳುತ್ತಿದ್ದರು. ಗಾಡ್ಗೀಳರು ಕಾಡಿನಲ್ಲಿ ಓಡಾಡಿ ಕಂಡದ್ದು ಬೇರೆ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಎಳೇ ಕಳಲೆಯನ್ನು ದನ, ಕಾಡುಪ್ರಾಣಿಯಿಂದ ಕಾಯೋದು ಅದೇ. ಮೆಳೆ ಚೆನ್ನಾಗಿ ಬೆಳೀಲಿ ಅಂತ ಆ ಮುಳ್ಳನ್ನೇ ಸವರಿ ಹಾಕಿದ್ದರು. ಕಳಲೆ ಬಯಲಿಗೆ ಬಿತ್ತು, ಮೇಯ್ದು ಹೋಯ್ತು. ಮುಳ್ಳಿನ ಕೆಲಸ ಏನು ಅನ್ನೋದು ಹಳ್ಳಿಯ ಜನಕ್ಕೆ ಗೊತ್ತಿತ್ತು. ಆದರೆ ಅವರ ತಿಳಿವಳಿಕೆಗೆ ಸರ್ಟಿಫಿಕೇಟು ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಕಾಗದದ ಯಂತ್ರವನ್ನು ಶಪಿಸಿಬಿಡೋಣ ಅನ್ನಿಸುತ್ತೆ. ಶಪಿಸೋಕೆ ಮುಂಚೆ ಸ್ವಲ್ಪ ನಿಲ್ಲಿ. ಓಲೆಗರಿಯ ಕಾಲದಲ್ಲಿ ಅಕ್ಷರ ಯಾರ ಹತ್ತಿರ ಇತ್ತು? ಗರಿ ಕಾಯ್ದವನ ಹತ್ತಿರ ಇತ್ತು. ಕೇರಿಯ ಹುಡುಗನ ಕಿವಿಗೆ ಅದು ಬಿದ್ದರೂ ಅಪರಾಧ ಅಂತ ಬರೆದಿಟ್ಟವರು ಅದನ್ನು ಕಾಯುತ್ತಿದ್ದರು. ಕಾಗದ ಅಗ್ಗವಾಗದೆ ಕೇರಿಯ ಹುಡುಗಿಯ ಕೈಗೆ ನೋಟ್‌ಬುಕ್ ಬರುತ್ತಿರಲಿಲ್ಲ. ಅಗ್ಗದ ಕಾಗದ ಇಲ್ಲದಿದ್ದರೆ ಅಂಬೇಡ್ಕರ್ ೧೯೨೦ರಲ್ಲಿ 'ಮೂಕನಾಯಕ' ಪತ್ರಿಕೆ ಹೊರಡಿಸೋದು ಸಾಧ್ಯವಿರಲಿಲ್ಲ. ಈ ಪುಟವನ್ನು ನೀವು ಓದುತ್ತಿರುವುದೂ ಆ ರೋಬರನ ಯಂತ್ರದ ಮೊಮ್ಮಗನಿಂದಲೇ.

ಹಾಗಾದರೆ ಮೇದಾರನ ಬುಟ್ಟಿ ಹೋದರೂ ಪರವಾಗಿಲ್ಲ, ಕೇರಿಗೆ ನೋಟ್‌ಬುಕ್ ಬಂತಲ್ಲ ಅನ್ನೋಣವೆ? ಅದು ನೀತಿಗೆಟ್ಟ ಮಾತು. ಒಬ್ಬ ಬಡವನ ಬಾಯಿಂದ ಕಿತ್ತು ಇನ್ನೊಬ್ಬ ಬಡವನ ತಟ್ಟೆಗೆ ಹಾಕಿ, ನಡುವೆ ನಿಂತವನು ಲಾಭ ಎಣಿಸಿಕೊಂಡು, ನೋಡಿ ನಿಮಗೇ ಒಳ್ಳೇದಾಯ್ತು ಅಂದರೆ ನಾವು ತಲೆಯಾಡಿಸಬೇಕೆ? ಬಿದಿರಿಗೆ ನ್ಯಾಯವಾದ ಬೆಲೆ ಹಾಕಿದ್ದರೆ, ಮೇದಾರನ ಪಾಲು ಮೊದಲು ತೆಗೆದಿಟ್ಟು ಉಳಿದದ್ದನ್ನು ಗಿರಣಿಗೆ ಕೊಟ್ಟಿದ್ದರೆ, ಮುಳ್ಳಿನ ಗುಟ್ಟು ಗೊತ್ತಿದ್ದ ಜನರನ್ನೇ ಕಾಡಿನ ಕಾವಲಿಗೆ ಇಟ್ಟಿದ್ದರೆ ಬುಟ್ಟಿಯೂ ಇರುತ್ತಿತ್ತು, ನೋಟ್‌ಬುಕ್ಕೂ ಇರುತ್ತಿತ್ತು. ಬುಟ್ಟಿ ಬೇಕೋ ನೋಟ್‌ಬುಕ್ ಬೇಕೋ ಅಂತ ನಮ್ಮನ್ನು ನಮ್ಮ ಮೇಲೇ ಎತ್ತಿ ಕಟ್ಟೋದು ಉಳ್ಳವರ ಹುನ್ನಾರ.

ಕಾಗದದ ಇನ್ನೊಂದು ಮುಖವೂ ಇದೇ ಕಾಡಿನಲ್ಲಿದೆ. ೨೦೦೬ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡುವಾಸಿಗಳು ಮೂರು ತಲೆಮಾರು, ಅಂದರೆ ೭೫ ವರ್ಷ, ಅಲ್ಲಿ ವಾಸವಿದ್ದದ್ದನ್ನು ತೋರಿಸಬೇಕು. ಕರ್ನಾಟಕದ ಕುಣಬಿಗಳು ಪಂಗಡದ ಪಟ್ಟಿಗೆ ಸೇರಿಸಿ ಅಂತ ವರ್ಷಗಟ್ಟಲೆಯಿಂದ ಕೇಳುತ್ತಲೇ ಬಂದಿದ್ದಾರೆ. ಅಜ್ಜ ಕುಮರಿ ಕಡಿದ ಗುಡ್ಡ ಇದೆ, ದೇವರ ಬನ ಇದೆ, ಗಡ್ಡೆ ಗೆಣಸಿನ ನೂರು ಹೆಸರು ನಾಲಿಗೆಯ ಮೇಲಿದೆ. ಕಚೇರಿಯಲ್ಲಿ ಕೇಳೋದು, "ಕಾಗದ ಎಲ್ಲೈತಿ?" ಟನ್ನುಗಟ್ಟಲೆ ಕಾಗದ ಹುಟ್ಟಿದ ಕಾಡಿನ ಮನುಷ್ಯನ ಹತ್ತಿರ ತನ್ನ ನೆಲಕ್ಕೆ ಒಂದು ಹಾಳೆ ಇಲ್ಲ.

೪

ಹಳೇ ಕಾಲವೇ ಚೆಂದ, ಯಂತ್ರ ಬೇಡ ಅನ್ನುವವರಿಗೆ ಎರಡು ಮಾತು.

ಗಾಂಧಿ ೧೯೦೯ರ 'ಹಿಂದ್ ಸ್ವರಾಜ್'ನಲ್ಲಿ ಯಂತ್ರವನ್ನು ದೊಡ್ಡ ಪಾಪ ಎಂಬಂತೆ ಕಂಡರು. ಆಮೇಲೆ ಅವರೇ ಸ್ವಲ್ಪ ಸಡಿಲಿಸಿ, ತಮ್ಮ ವಿರೋಧ ಯಂತ್ರದ ಹುಚ್ಚಿಗೆ, ಯಂತ್ರಕ್ಕಲ್ಲ ಅಂದರು. ಹೊಲಿಗೆ ಯಂತ್ರವನ್ನು ಮೆಚ್ಚಿದರು. ಅವರ ಮಾತಿನ ಹಿಂದೆ ಬಡವನ ಮೇಲೆ ಕರುಣೆ ಇರಲಿಲ್ಲ ಅಂತ ಯಾರೂ ಹೇಳಲಾರರು. ಆದರೆ ಅಂಬೇಡ್ಕರ್ ೧೯೪೫ರ ತಮ್ಮ ಪುಸ್ತಕದಲ್ಲಿ ಕೊಟ್ಟ ಉತ್ತರ ನಮ್ಮದು. ಪ್ರಾಣಿಯಂತೆ ದುಡಿದು ಪ್ರಾಣಿಯಂತೆ ಮಲಗೋ ಮನುಷ್ಯನಿಗೆ ಸಂಸ್ಕೃತಿ ಇರೋದಿಲ್ಲ, ಸಂಸ್ಕೃತಿಗೆ ಬಿಡುವು ಬೇಕು, ಬಿಡುವು ಕೊಡಬಲ್ಲದ್ದು ಯಂತ್ರ ಅಂತ ಅವರ ವಾದ. ಕೆಟ್ಟದ್ದು ಯಂತ್ರ ಅಲ್ಲ, ಲಾಭವನ್ನೂ ಖಾಸಗಿ ಆಸ್ತಿಯನ್ನೂ ದೇವರು ಮಾಡಿದ ಸಮಾಜದ ಕಟ್ಟು ಅಂದರು. ಹಳ್ಳಿಯನ್ನು ಹೊಲಗೇರಿಯಿಂದ ನೋಡಿದವರಿಗೆ ಮಾತ್ರ ಬರುವ ಮಾತು ಇದು.

ಆದರೆ ಯಂತ್ರ ಬಂದರೆ ಜಾತಿ ತಾನಾಗೇ ಹೋಗುತ್ತೆ ಅಂತ ನಂಬಿಸಿದವರೂ ಇದ್ದಾರಲ್ಲ, ಅವರಿಗೂ ಅದೇ ಮುಂಬಯಿಯ ಗಿರಣಿಗಳಿಂದ ಉತ್ತರ ಇದೆ. ಅಲ್ಲಿ ನೂಲುವ ವಿಭಾಗದಲ್ಲಿ ಅಸ್ಪೃಶ್ಯರು ದುಡಿಯಬಹುದಿತ್ತು, ಹೆಚ್ಚು ಕೂಲಿಯ ನೇಯುವ ವಿಭಾಗಕ್ಕೆ ಮಾತ್ರ ಬರಕೂಡದು. ಕಾರಣ? ಲಾಳಿಯಲ್ಲಿ ಹೊಸ ಕಂಡಿಕೆ ಹಾಕಿದಾಗ ನೂಲಿನ ತುದಿ ಹೊರಬರಲು ಲಾಳಿಯ ತೂತಿಗೆ ಬಾಯಿ ಹಚ್ಚಿ ಹೀರಬೇಕಿತ್ತು. ಒಬ್ಬನ ಎಂಜಲು ಇನ್ನೊಬ್ಬನ ಬಾಯಿಗೆ. ಅಸ್ಪೃಶ್ಯನ ಎಂಜಲಾದ ಲಾಳಿ ಮುಟ್ಟೋದು ಹೇಗೆ? ಲಂಕಾಷೈರಿನಿಂದ ಬಂದ ಮಗ್ಗ, ಉಗಿಯಿಂದ ತಿರುಗೋ ಚಕ್ರ, ಅದರ ಒಂದು ಸಣ್ಣ ತೂತಿನಲ್ಲಿ ಮನು ಕೂತಿದ್ದ. ೧೯೨೮ರ ಗಿರಣಿ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಇದನ್ನು ಎತ್ತಿ ಕೇಳಿದರು. ಕೆಂಬಾವುಟದ ಮುಖಂಡರಿಗೆ ಅದು ಕಸಿವಿಸಿಯ ಪ್ರಶ್ನೆ ಆಯಿತು. ಜಾತಿ ಅನ್ನೋದು ಕೆಲಸದ ವಿಭಜನೆ ಅಲ್ಲ, ಕೆಲಸಗಾರರ ವಿಭಜನೆ ಅಂತ ೧೯೩೬ರಲ್ಲಿ ಅವರು ಬರೆದದ್ದರ ಹಿಂದೆ ಇಂಥ ಲಾಳಿಗಳಿವೆ.

ಹಾಗಾದರೆ ಯಂತ್ರ ಉಳಿಸಿದ ಹೊತ್ತಿನಲ್ಲಿ ಒಂದಿಷ್ಟಾದರೂ ದುಡಿಯುವವನಿಗೆ ಬಂದದ್ದು ಹೇಗೆ? ಯಂತ್ರ ತಾನಾಗಿ ಕೊಡಲಿಲ್ಲ. ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಬಟ್ಟೆ ಗಿರಣಿಯಿಂದ ಹೊರಗಿಡಲು ೧೮೩೩ರ ಕಾನೂನು ಬೇಕಾಯಿತು. ಹೆಂಗಸರಿಗೆ, ಎಳೆಯರಿಗೆ ದಿನಕ್ಕೆ ಹತ್ತು ಗಂಟೆ ಅನ್ನೋದಕ್ಕೆ ೧೮೪೭ರ ಹೋರಾಟ ಬೇಕಾಯಿತು. ಇಂಡಿಯಾದ ಮೊದಲ ಕಾರ್ಖಾನೆ ಕಾಯಿದೆ ೧೮೮೧ರದ್ದು. ಏಳು ವರ್ಷ ತುಂಬಿದ ಮಗು ಒಂಬತ್ತು ಗಂಟೆ ದುಡೀಬಹುದು ಅಂತ ಅದು ಅಪ್ಪಣೆ ಕೊಟ್ಟಿತು! ಅಷ್ಟಕ್ಕಾದರೂ ಒತ್ತಾಯ ಮಾಡಿದವರಲ್ಲಿ ಮ್ಯಾಂಚೆಸ್ಟರಿನ ಮಾಲೀಕರಿದ್ದರು, ಮುಂಬಯಿಯ ಅಗ್ಗದ ಕೂಲಿ ತಮ್ಮ ವ್ಯಾಪಾರಕ್ಕೆ ಪೆಟ್ಟು ಅಂತ. ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ ೧೨ ಗಂಟೆ ಅನ್ನೋ ಮಿತಿ ಬಂದದ್ದು ೧೯೧೧ರಲ್ಲಿ. ೧೯೨೨ರಲ್ಲಿ ವಾರಕ್ಕೆ ೬೦ ಗಂಟೆ, ೧೯೩೪ರಲ್ಲಿ ೫೪. ವೈಸರಾಯರ ಮಂಡಳಿಯಲ್ಲಿ ೧೯೪೨ರಿಂದ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ ಕಾಲದಲ್ಲಿ ರೂಪಗೊಂಡ ೧೯೪೬ರ ತಿದ್ದುಪಡಿಯಿಂದ ೪೮. ಅಂಕಿಗಳ ಈ ಮೆಟ್ಟಿಲನ್ನು ಮಕ್ಕಳಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಬೇಕು. ಒಂದೊಂದು ಮೆಟ್ಟಿಲಿನ ಹಿಂದೆಯೂ ಮುಷ್ಕರ ಇದೆ, ಲಾಠಿ ಇದೆ, ಉಪವಾಸ ಇದೆ. ವ್ಯಾಟ್ ಉಳಿಸಿಕೊಟ್ಟ ಹೊತ್ತನ್ನು ಮರಳಿ ಪಡೆಯಲು ದುಡಿಯುವ ಜನಕ್ಕೆ ಒಂದೂವರೆ ಶತಮಾನಕ್ಕೂ ಹೆಚ್ಚು ಹಿಡಿಯಿತು. ಹೊಲದ ಕೂಲಿಯವಳಿಗೆ, ಮನೆಗೆಲಸದವಳಿಗೆ ಆ ೪೮ ಇನ್ನೂ ತಲುಪಿಲ್ಲ.

೫

ಕೊನೆಯದಾಗಿ, ಬಂದ ಯಂತ್ರದ ಬಗ್ಗೆ ಅಲ್ಲ, ಬಾರದ ಯಂತ್ರದ ಬಗ್ಗೆ ಹೇಳಬೇಕು.

ಉಗಿಯಂತ್ರ ಮೊದಲು ಮಾಡಿದ ಕೆಲಸ ಯಾವುದು ಗೊತ್ತೆ? ರೈಲು ಎಳೆಯೋದಲ್ಲ, ನೂಲೋದಲ್ಲ. ೧೭೧೨ರಲ್ಲಿ ನ್ಯೂಕಮೆನ್ ತನ್ನ ಯಂತ್ರವನ್ನು ನಿಲ್ಲಿಸಿದ್ದು ಒಂದು ಗಣಿಯ ಬಾಯಿಯಲ್ಲಿ. ಗುಂಡಿಯಲ್ಲಿ ತುಂಬಿದ ನೀರು ಎತ್ತೋದು ಅದರ ಕೆಲಸ. ಇಡೀ ಕೈಗಾರಿಕಾ ಯುಗ ಶುರುವಾದದ್ದು ಒಂದು ಗುಂಡಿ ಬಳಿಯೋದರಿಂದ. ಮುನ್ನೂರು ವರ್ಷ ದಾಟಿತು. ನಮ್ಮಲ್ಲಿ ಗುಂಡಿ ಬಳಿಯೋದಕ್ಕೆ ಇನ್ನೂ ಮನುಷ್ಯನೇ ಇಳಿಯುತ್ತಿದ್ದಾನೆ. ಯಾವ ಜಾತಿಯ ಮನುಷ್ಯ ಅಂತ ಹೇಳಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ಕೂಲಿ ದುಬಾರಿ, ಕಲ್ಲಿದ್ದಲು ಅಗ್ಗ. ಅದಕ್ಕೇ ಅಲ್ಲಿ ಯಂತ್ರ ಹುಟ್ಟಿತು ಅಂತ ಕೆಲವು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಇದನ್ನು ತಿರುಗಿಸಿ ನೋಡಿ. ಕೈ ಬಿಟ್ಟಿಯಾಗಿ ಸಿಗುವ ಕಡೆ ಯಂತ್ರ ಯಾಕೆ ಹುಟ್ಟುತ್ತೆ? ಹೊರೋದಕ್ಕೆ ಒಂದು ಜಾತಿ, ತೊಳೆಯೋದಕ್ಕೆ ಒಂದು ಜಾತಿ, ಸತ್ತ ದನ ಎಳೆಯೋದಕ್ಕೆ ಒಂದು ಜಾತಿ ಅಂತ ದೇವರ ಹೆಸರಲ್ಲಿ ಹಂಚಿಟ್ಟ ಸಮಾಜಕ್ಕೆ ತಲೆ ಓಡಿಸುವ ಜರೂರು ಏನಿತ್ತು? ಸೊನ್ನೆ ಕಂಡುಹಿಡಿದೆವು ಅಂತ ಹೆಮ್ಮೆಪಡುವ ನಾಡು ಮಲದ ಬುಟ್ಟಿಗೆ ಒಂದು ಚಕ್ರ ಜೋಡಿಸಲಿಲ್ಲ. ೧೯೭೦ರ ದಶಕದ ಆರಂಭದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರೋದನ್ನು ನಿಲ್ಲಿಸಲು ಆಜ್ಞೆ ಮಾಡಬೇಕಾಯಿತು. ೧೯೯೩ರಲ್ಲಿ ಒಂದು ಕೇಂದ್ರ ಕಾನೂನು, ೨೦೧೩ರಲ್ಲಿ ಇನ್ನೊಂದು. ಮ್ಯಾನ್‌ಹೋಲಿನಲ್ಲಿ ಸತ್ತವರ ಮನೆಗೆ ೧೦ ಲಕ್ಷ ಕೊಡಿ ಅಂತ ೨೦೧೪ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ೨೦೨೩ರಲ್ಲಿ ಅದನ್ನು ೩೦ ಲಕ್ಷಕ್ಕೆ ಏರಿಸಿತು. ಸಾಯೋದು ಮಾತ್ರ ನಿಂತಿಲ್ಲ. ಯಂತ್ರ ಇಲ್ಲ ಅಂತ ನೆವ ಹೇಳೋಹಾಗೂ ಇಲ್ಲ. ೨೦೧೮ರಲ್ಲೇ ಕೇರಳದಲ್ಲಿ ಮ್ಯಾನ್‌ಹೋಲ್ ಬಳಿಯುವ ಯಂತ್ರ ಕೆಲಸಕ್ಕೆ ಇಳಿಯಿತು.

ಆದ್ದರಿಂದ ಯಂತ್ರ ನಾಗರಿಕತೆಯನ್ನು ಕೆಡಿಸಿತು ಅಂತ ಭಾಷಣ ಮಾಡುವವರಿಗೆ ನಾವು ಹೇಳಬೇಕಾದದ್ದು ಇಷ್ಟು: ನಮ್ಮ ಕೇರಿಗೆ ಯಂತ್ರ ಹೆಚ್ಚಾಗಿ ಬಂದು ಕೆಟ್ಟದ್ದಲ್ಲ. ನಮ್ಮ ಕೈ ಕಿತ್ತುಕೊಳ್ಳುವ ಕಡೆ ಯಂತ್ರ ಬಂತು, ನಮ್ಮ ಕೈ ಬಿಡಿಸಬೇಕಾದ ಕಡೆ ಬರಲಿಲ್ಲ. ಮೇದಾರನ ಬಿದಿರಿಗೆ ಬಂತು, ಮಲದ ಗುಂಡಿಗೆ ಬರಲಿಲ್ಲ. ಎರಡನ್ನೂ ತೀರ್ಮಾನಿಸಿದವರು ಒಬ್ಬರೇ.

ಈಗ ಹೊಸ ಯಂತ್ರಗಳು ಬರುತ್ತಿವೆ. ಬರೆಯೋ ಯಂತ್ರ, ಲೆಕ್ಕ ಹಾಕೋ ಯಂತ್ರ, ಯೋಚನೆ ಮಾಡುತ್ತೆ ಅಂತ ಹೇಳಿಕೊಳ್ಳೋ ಯಂತ್ರ. ಒಳ್ಳೆಯದೋ ಕೆಟ್ಟದ್ದೋ ಅಂತ ಮತ್ತೆ ಅದೇ ಚರ್ಚೆ ಶುರುವಾಗಿದೆ. ಆ ಚರ್ಚೆಗೆ ಕರೆದರೆ ಹೋಗಿ, ಆದರೆ ಧಾರವಾಡದ ಕಲ್ಲಿನ ಮೇಲೆ ಪಾದ ಸವೆಸಿದವಳ ಪ್ರಶ್ನೆ, ದಾಂಡೇಲಿಯ ಕಾಡಂಚಿನ ಮೇದಾರನ ಪ್ರಶ್ನೆ, ಇವನ್ನು ಮರೆಯದೆ ಜೊತೆಗೆ ಒಯ್ಯಿರಿ. ಎಷ್ಟು ಹೊತ್ತು ಉಳಿಯುತ್ತೆ, ಯಾರ ಹೊತ್ತು ಅದು, ಉಳಿದದ್ದನ್ನು ಯಾರಿಗೆ ಕೊಡ್ತೀರಿ? ಇದಕ್ಕೆ ಉತ್ತರ ಬರುವ ತನಕ ಕೂತ ಜಾಗದಿಂದ ಏಳಬೇಡಿ.